ಮೂರನೆಯವನ ಕೋಟು

ಚಿಂಚವಾಡ, ಪುಣೆ
12 ಜೂನ್ 2024

ಗೆಳೆಯ ಸಿದ್ದಾರೂಢನಿಗೆ,

ನೀನು ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ ಮುಗಿದಿದೆ ಎಂದು ಬರೆಯಲು ಮಾಧುರಿ ಹೇಳಿದ್ದಾಳೆ. ಬರೆದೆ. ಇನ್ನು ನನ್ನ ವಿಷಯ.

ನಮ್ಮ ಕನ್ನಡ ಬಳಗದ ಕಾರ್ಯದರ್ಶಿ ಶಿವಪುತ್ರಪ್ಪ, ಪಿಂಪ್ರಿಯಲ್ಲಿ ಇಳಕಲ್ ಸೀರೆಯ ಅಂಗಡಿ ಇಟ್ಟವನು, ಮೊನ್ನೆ ಮನೆಗೆ ಬಂದಿದ್ದ. "ಪ್ರಲ್ಹಾದರಾವ್, ಈ ಸಲ ನಿಮ್ಮ ಗಂಟಿನ ಅಂಕಣಕ್ಕ ಇಪ್ಪತ್ತನೇ ವರ್ಷರೀ. ರಾಜ್ಯೋತ್ಸವದಾಗ ನಿಮಗ ಶಾಲು ಹೊದಿಸಬೇಕಂತ ಕಮಿಟಿ ಠರಾವ್ ಮಾಡ್ಯದ. ಅದು ಹೆಂಗ ಶುರು ಆತು ಅಂತ ಬಳಗದ ವಾರ್ಷಿಕ ಸಂಚಿಕಿಗೆ ನಾಕು ಸಾಲು ಬರದು ಕೊಡ್ರಿ" ಎಂದ. ಬರೆದಿದ್ದೇನೆ. ಮಾಸ್ತರನ ಕೆಂಪು ಪೆನ್ನು ಇನ್ನೂ ಒಣಗಿಲ್ಲವಾದರೆ ತಿದ್ದಿ ಕಳಿಸು:

'ಇಂಡಿ ಊರಿನ ಒಂದೇ ಓಣಿಯಲ್ಲಿ ಬೆಳೆದು, ಒಂದೇ ಬಾವಿಯಲ್ಲಿ ಮುಳುಗಿ ಬದುಕಿದ ಇಬ್ಬರು ಗೆಳೆಯರು. ಒಬ್ಬ ಅಲ್ಲೇ ಹೈಸ್ಕೂಲ್ ಮಾಸ್ತರನಾದ. ಇನ್ನೊಬ್ಬ ಪಿಂಪ್ರಿಯ ಗೇರ್ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದ. ಮುರಿದ ಗೇರನ್ನು ನೋಡಿ ಯಾಕೆ ಮುರಿಯಿತೆಂದು ಹೇಳುವುದೇ ಅವನ ಕೆಲಸ. ಪ್ರತಿವರ್ಷ ಮಾಸ್ತರ ಜಗತ್ತಿನ ಹೆಸರಾಂತ ನಿಗೂಢವೊಂದನ್ನು ಕಾಗದದಲ್ಲಿ ಬರೆದು ಕಳಿಸುತ್ತಾನೆ. ಅದು ಗಂಟು. ತನ್ನ ಉತ್ತರವನ್ನು ಬೇರೆ ಸಣ್ಣ ಲಕೋಟೆಯಲ್ಲಿಟ್ಟು, ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಹಾಕುವ ಹಾಗೆ ಅರಗಿನ ಮುದ್ರೆ ಒತ್ತುತ್ತಾನೆ. ಇನ್‌ಸ್ಪೆಕ್ಟರ್ ಬೇರೇನನ್ನೂ ನೋಡದೆ, ಗಂಟಿನಲ್ಲಿರುವ ಸಂಗತಿಗಳಿಂದಲೇ ಅದನ್ನು ಬಿಚ್ಚಿ ಸಂಚಿಕೆಗೆ ಬರೆಯುತ್ತಾನೆ. ರಾಜ್ಯೋತ್ಸವದ ವೇದಿಕೆಯಲ್ಲಿ ಎಲ್ಲರೆದುರು ಮುದ್ರೆ ಒಡೆಯುತ್ತಾರೆ. ಹತ್ತೊಂಬತ್ತು ವರ್ಷಗಳಲ್ಲಿ ಹದಿನೇಳು ಸಲ ಎರಡೂ ಉತ್ತರಗಳು ಕೂಡಿವೆ.'

ಹದಿನೇಳು! ಮೊದಲ ಎರಡು ವರ್ಷ ತಪ್ಪಿದ್ದನ್ನು ಬಳಗದಲ್ಲಿ ಯಾರೂ ನೆನಪಿಟ್ಟಿಲ್ಲ. ನಾನು ಇಟ್ಟಿದ್ದೇನೆ. ಎರಡನೆಯ ವರ್ಷ ನಾನು ಮೈಕಿನ ಮುಂದೆ ನಿಂತಿರುವಾಗ ಮುಂದಿನ ಸಾಲಿನವರು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಹಿಂಜವಡಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ, ಮೈಸೂರಿನ ಕಡೆಯವಳು, ಸ್ಪಂದನಾ ಎಂದು ಹೆಸರು, ಈಗೀಗ ಭಾನುವಾರ ಬಳಗದ ವಾಚನಾಲಯಕ್ಕೆ ಬರುತ್ತಾಳೆ. ಹಳೆಯ ಸಂಚಿಕೆಗಳನ್ನೆಲ್ಲ ಕೂತು ಓದಿದಳಂತೆ. ನಿನ್ನ ವಿಳಾಸ ಕೇಳಿದಳು. ಕೊಟ್ಟೆ. ನಿನ್ನ ಕಿವಿಗೆ ಫೋನು ಕೇಳಿಸುವುದಿಲ್ಲ, ಯಂತ್ರ ತಂದುಕೊಟ್ಟರೆ ಕಪಾಟಿನಲ್ಲಿಡುತ್ತೀ, ಕಾಗದವೇ ಬರೆಯಬೇಕು ಎಂದೆ. ಈ ಕಾಲದ ಮಕ್ಕಳು ಕಾಗದ ಬರೆಯುವುದುಂಟೇ, ಎರಡು ದಿನಕ್ಕೆ ಮರೆಯುತ್ತಾಳೆ.

ಇಪ್ಪತ್ತನೆಯ ಗಂಟು ಬೇಗ ಕಳಿಸು. ಗಟ್ಟಿಯಾದದ್ದಿರಲಿ.

ನಿನ್ನ,
ಪ್ರಲ್ಹಾದ


ಇಂಡಿ
28 ಜೂನ್ 2024

ಪ್ರಲ್ಹಾದ,

ತಿದ್ದಲು ಒಂದೇ ಇದೆ. ಒಂದೇ ಬಾವಿಯಲ್ಲಿ ಮುಳುಗಿದೆವು ಎಂದು ಬರೆದಿದ್ದೀಯ. ಮುಳುಗಿದ್ದು ನಾನು. ನೀನು ಹಾರಿದ್ದು. ಏಳನೆಯ ಇಯತ್ತೆಯ ಹುಡುಗ, ಈಜು ಬಾರದವನು, ಚಪ್ಪಲಿ ಸಮೇತ. ಹಗ್ಗ ಬಿಟ್ಟು ನಮ್ಮಿಬ್ಬರನ್ನೂ ಎಳೆದವರು ಬೇರೆಯವರು, ಅದು ಬೇರೆ ಮಾತು. ಆದರೆ ಮುಳುಗುವುದಕ್ಕೂ ಹಾರುವುದಕ್ಕೂ ವ್ಯತ್ಯಾಸವಿದೆ.

ಈ ಸಲದ ಗಂಟು ಇದು.

1900ರ ಡಿಸೆಂಬರ್. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಸಮುದ್ರದ ನಡುವೆ ಫ್ಲಾನನ್ ಎಂಬ ಪುಟ್ಟ ದ್ವೀಪಗಳು. ಅಲ್ಲೊಂದು ದೀಪಗೃಹ. ಅದನ್ನು ಕಾಯುವವರು ಮೂವರೇ ಗಂಡಸರು. ಕ್ರಿಸ್‌ಮಸ್ಸಿನ ಮರುದಿನ ಸರಕಿನ ಹಡಗು ಹೋಗಿ ನೋಡಿದರೆ ಬಂದರಿನಲ್ಲಿ ಯಾರೂ ಇಲ್ಲ. ಕೂಗಿದರು, ಉತ್ತರವಿಲ್ಲ. ಒಳಗೆ ಗಡಿಯಾರ ನಿಂತಿತ್ತು. ಒಲೆ ತಣ್ಣಗಿತ್ತು. ದೀಪ ಒರೆಸಿ, ಎಣ್ಣೆ ತುಂಬಿ, ಹಚ್ಚಲು ಸಿದ್ಧವಾಗಿತ್ತು. ಮೇಜಿನ ಮೇಲೆ ಅರ್ಧ ತಿಂದ ಊಟ. ದಿನದ ವಿವರ ಬರೆದಿಡುವ ಹಲಗೆಯ ಮೇಲಿನ ಕೊನೆಯ ಬರಹ ಹದಿನೈದನೆಯ ತಾರೀಖಿನದು. ಪಶ್ಚಿಮದ ದಡದಲ್ಲಿ, ನೂರು ಅಡಿಗಿಂತ ಎತ್ತರದ ಬಂಡೆಯಲ್ಲಿ ಇಟ್ಟಿದ್ದ ಹಗ್ಗದ ಪೆಟ್ಟಿಗೆ ಒಡೆದು ಹೋಗಿತ್ತು. ಮೂವರ ಹೆಣವೂ ಇವತ್ತಿನವರೆಗೆ ಸಿಕ್ಕಿಲ್ಲ.

ಎರಡು ಸಂಗತಿ ಮರೆಯಬೇಡ. ಮೂವರೂ ಒಟ್ಟಿಗೆ ಹೊರಗೆ ಹೋಗಬಾರದು, ಒಬ್ಬ ದೀಪದ ಬಳಿ ಇರಲೇಬೇಕು ಎಂಬುದು ಅಲ್ಲಿಯ ಕಟ್ಟುನಿಟ್ಟಿನ ನಿಯಮ. ಮತ್ತು ಮಳೆಗಾಳಿಯಲ್ಲಿ ಹಾಕಿಕೊಳ್ಳುವ ಮೇಣದ ಕೋಟುಗಳಲ್ಲಿ ಎರಡು ಇರಲಿಲ್ಲ. ಮೂರನೆಯವನದು ಗೂಟದ ಮೇಲೇ ಇತ್ತು. ಡಿಸೆಂಬರಿನ ಚಳಿಯಲ್ಲಿ ಅವನು ಅಂಗಿಯಲ್ಲೇ ಹೋಗಿದ್ದಾನೆ.

ಬಿಚ್ಚು ನೋಡೋಣ. ಲಕೋಟೆ ಜೊತೆಗಿದೆ. ಮುದ್ರೆಗೆ ಎಂದಿನಂತೆ ಅಪ್ಪನ ಕೋಟಿನ ಹಿತ್ತಾಳೆ ಗುಂಡಿಯನ್ನೇ ಒತ್ತಿದ್ದೇನೆ.

ನಿಮ್ಮ ಸ್ಪಂದನಾ ಕಾಗದ ಬರೆದಳು. ಆರು ಪುಟ! ಕೈಯಲ್ಲಿ ಕನ್ನಡ ಬರೆದು ಎಂಟು ವರ್ಷವಾಯಿತಂತೆ. ಅಕ್ಷರ ಮುಂಗಾರಿನ ಕರುವಿನ ಹಾಗೆ ಎತ್ತೆತ್ತಲೋ ಓಡುತ್ತದೆ, ಆದರೆ ಜೀವವಿದೆ. ತನಗೂ ಒಂದು ಗಂಟು ಬೇಕೆಂದಳು. ಇದನ್ನೇ ಅವಳಿಗೂ ಕಳಿಸಿದ್ದೇನೆ, ಅವಳಿಗೂ ಒಂದು ಲಕೋಟೆ. ನಿನಗೆ ಸಂತೋಷವಾಗುತ್ತದೆ ಎಂದುಕೊಂಡಿದ್ದೇನೆ.

ಮಾಧುರಿ ಅತ್ತಿಗೆಗೆ ಹೇಳು, ಉಪ್ಪಿನಕಾಯಿ ಮುಂದಿನ ವಾರ ಬಸ್ಸಿನಲ್ಲಿ ಬರುತ್ತದೆ.

ಸಿದ್ದಾರೂಢ


ಚಿಂಚವಾಡ
5 ಜುಲೈ 2024

ಸಿದ್ದಾರೂಢ,

ಗಂಟು ತಲುಪಿತು.

ಸಂತೋಷವಾಗುತ್ತದೆ ಎಂದುಕೊಂಡೆಯಾ? ಯಾಕೆ ಆಗಬೇಕು? ಹತ್ತೊಂಬತ್ತು ವರ್ಷ ಒಬ್ಬನಿಗೆ ಕಳಿಸಿದ್ದನ್ನು ಇಪ್ಪತ್ತನೆಯ ವರ್ಷ, ನಿನ್ನೆ ಬಂದ ಹುಡುಗಿಗೂ ಕಳಿಸಿದ್ದೀಯ. ನನಗೊಂದು ಮಾತು ಕೇಳಬೇಕೆಂದು ಅನಿಸಲಿಲ್ಲ. ಆರು ಪುಟ ಬರೆದಳಂತೆ. ನಾನು ನಿನಗೆ ಬರೆದ ಪುಟಗಳನ್ನು ಒಂದರ ಮೇಲೊಂದು ಇಟ್ಟರೆ ನಿಮ್ಮ ಶಾಲೆಯ ಗೋಡೆಯ ತುದಿ ಮುಟ್ಟುತ್ತವೆ. 'ಜೀವವಿದೆ' ಎಂದು ನನ್ನ ಅಕ್ಷರಕ್ಕೆ ಎಂದಾದರೂ ಹೇಳಿದ್ದುಂಟೇ?

ಹೊಟ್ಟೆಕಿಚ್ಚು ಎಂದು ತಿಳಿಯಬೇಡ. ಇದು ಪದ್ಧತಿಯ ಪ್ರಶ್ನೆ. ಕಾರ್ಖಾನೆಯಲ್ಲಿ ಒಂದು ಗೇರಿಗೆ ಇಬ್ಬರು ಇನ್‌ಸ್ಪೆಕ್ಟರು ಸಹಿ ಹಾಕಿದರೆ ಕೊನೆಗೆ ಯಾರೂ ಜವಾಬ್ದಾರರಲ್ಲ.

ಇನ್ನೊಂದು. ಈ ಸಲದ ಲಕೋಟೆ ಕೈಯಲ್ಲಿ ಹಿಡಿದರೆ ಯಾಕೋ ಹಗುರ ಅನಿಸಿತು. ಉತ್ತರ ಪೂರ್ತಿ ಬರೆದು ಇಟ್ಟಿದ್ದೀಯ ತಾನೇ? ವಯಸ್ಸಾಯಿತು, ಮರೆವು ಸಹಜ. ಬರೆದ ಹಾಳೆಯ ಬದಲು ಬೇರೆ ಯಾವುದೋ ಹಾಳೆ ಹೋಗಿರಬಹುದು. ಸುಮ್ಮನೆ ಕೇಳಿದೆ.

ಅವಳ ಲಕೋಟೆಯಲ್ಲಿ ಏನು ಬರೆದಿದ್ದೀ? ನನಗೆ ಬರೆದದ್ದೇ ಏನು?

ಪ್ರಲ್ಹಾದ


ಇಂಡಿ
19 ಜುಲೈ 2024

ಪ್ರಲ್ಹಾದ,

ಹಗುರವೇ? ತೂಗಿ ನೋಡಿದೆಯಾ? ನಾನು ಇಡಬೇಕಾದದ್ದನ್ನೇ ಇಟ್ಟಿದ್ದೇನೆ. ಮರೆವು ಇನ್ನೂ ಅಷ್ಟು ಬಂದಿಲ್ಲ.

ಅವಳ ಲಕೋಟೆಯಲ್ಲಿರುವುದು ಅವಳಿಗೆ. ನಿನ್ನ ಲಕೋಟೆಯಲ್ಲಿರುವುದು ನಿನಗೆ. ರಾಜ್ಯೋತ್ಸವದ ತನಕ ಇಬ್ಬರೂ ಕಾಯಿರಿ.

ಹುಡುಗಿಯ ಎರಡನೆಯ ಕಾಗದ ಬಂತು. ಮೊದಲ ಸಾಲಿನಲ್ಲೇ ನನ್ನ ಕಿವಿ ಹಿಂಡಿದ್ದಾಳೆ. 'ಸಾರ್, ಅರ್ಧ ತಿಂದ ಊಟ ಅಂತ ಬರೆದಿದ್ದೀರಲ್ಲ, ಅದು ಸುಳ್ಳು. ಮೊದಲು ಒಳಗೆ ಹೋಗಿ ನೋಡಿದ ಮನುಷ್ಯನ ವರದಿಯಲ್ಲಿ ಅದು ಇಲ್ಲ. ಪಾತ್ರೆಗಳೆಲ್ಲ ತೊಳೆದಿಟ್ಟಿದ್ದವು. ಊಟವನ್ನು ಆಮೇಲೆ ಕಥೆ ಹೇಳೋರು ಸೇರಿಸಿದ್ದು' ಎಂದು. ನಾನು ಐವತ್ತು ವರ್ಷದಿಂದ ಆ ಊಟವನ್ನು ನಂಬಿಕೊಂಡು ಬಂದಿದ್ದೆ! ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಬಡಿಸಿದ್ದೇನೋ. ನಿಗೂಢಗಳ ಅರ್ಧ ಗಂಟು ಹೀಗೇ ಇರುತ್ತದೆ ನೋಡು: ಆಗಿದ್ದು ಒಂದು ಎಳೆ, ನಾವು ಸುತ್ತಿದ್ದು ಹತ್ತು. ಕೊನೆಗೆ ಬಿಚ್ಚಲು ಬರುವುದಿಲ್ಲ ಎಂದು ಅಚ್ಚರಿಪಡುತ್ತೇವೆ.

ಹಾಗಾದರೆ ಉಳಿದದ್ದನ್ನು ಬಿಚ್ಚಿದಳೇ? ಇಲ್ಲ. ಕೊನೆಯಲ್ಲಿ 'ಮೂರನೆಯವನು ಕೋಟು ಯಾಕೆ ಹಾಕ್ಕೊಳ್ಳಲಿಲ್ಲ ಅಂತ ತುಂಬಾ ಯೋಚನೆ ಮಾಡ್ದೆ. ನನಗೆ ಗೊತ್ತಿಲ್ಲ ಸಾರ್' ಎಂದು ಬರೆದಿದ್ದಾಳೆ. ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ಇಷ್ಟು ವರ್ಷದಲ್ಲಿ ಗೊತ್ತಿಲ್ಲ ಎಂಬ ಉತ್ತರ ನನಗೆ ಬಂದದ್ದು ಇದೇ ಮೊದಲು.

ನೀನು ಏನು ಹೇಳುತ್ತೀ, ಆ ಕೋಟಿನ ಬಗ್ಗೆ?

ಸಿದ್ದಾರೂಢ


ಚಿಂಚವಾಡ
2 ಆಗಸ್ಟ್ 2024

ಸಿದ್ದಾರೂಢ,

ನನ್ನ ಬರಹವನ್ನು ಸಂಚಿಕೆಗೆ ಕೊಟ್ಟಾಯಿತು. ಸಾರಾಂಶ ಇಷ್ಟು. ಬಿರುಗಾಳಿ ಬಂದಿತ್ತು. ಪಶ್ಚಿಮದ ದಡದಲ್ಲಿ ಹಗ್ಗ, ಪೆಟ್ಟಿಗೆ ಕೊಚ್ಚಿಹೋಗಬಾರದೆಂದು ಇಬ್ಬರು ಕೋಟು ತೊಟ್ಟು ಇಳಿದರು. ಮೂರನೆಯವನು ಮೇಲಿನಿಂದ ದೊಡ್ಡ ತೆರೆ ಬರುವುದನ್ನು ಕಂಡ, ಎಚ್ಚರಿಸಲು ಓಡಿದ, ಮೂವರನ್ನೂ ನೀರು ಒಯ್ದಿತು. ಮುಗಿಯಿತು. ಕೋಟು ಮುಖ್ಯವಲ್ಲ. ಅವಸರದಲ್ಲಿದ್ದವನು ಕೋಟು ಹುಡುಕುತ್ತಾ ಕೂರುವುದಿಲ್ಲ. ಈ ಮಾತು ಹೇಳಲು ಆರು ಪುಟ ಬೇಡ, ನಾಲ್ಕು ಸಲ ಓದಿ ಹಿಗ್ಗುವುದೂ ಬೇಡ.

'ಗೊತ್ತಿಲ್ಲ' ಎನ್ನುವುದು ಯಾವಾಗಿನಿಂದ ಉತ್ತರವಾಯಿತು? ನಾನು ಮೂವತ್ತಾರು ವರ್ಷ ಹಾಗೆ ಬರೆದಿದ್ದರೆ ಮೊದಲ ತಿಂಗಳೇ ಮನೆಗೆ ಕಳಿಸುತ್ತಿದ್ದರು. ನಿನ್ನ ತರಗತಿಯಲ್ಲಿ ಗೊತ್ತಿಲ್ಲ ಎಂದ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ; ಇವಳನ್ನು ತಲೆಯ ಮೇಲೆ ಕೂರಿಸಿಕೊಂಡಿದ್ದೀಯ. ಮೇಲಾಗಿ ಗಂಟಿನಾಚೆಗೆ ಹುಡುಕಬಾರದು ಎಂಬುದು ನಮ್ಮ ನಿಯಮ. ಅವಳು ಹುಡುಕಿದ್ದಾಳೆ. ನಿನಗೆ ಅದು ಕಾಣಲೇ ಇಲ್ಲ.

ಕಳೆದ ಭಾನುವಾರ ವಾಚನಾಲಯದಲ್ಲಿ ಸಿಕ್ಕಿದ್ದಳು. ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ಅದರೊಳಗಿಂದ ನಿನ್ನ ಲಕೋಟೆ ತೆಗೆದು ತೋರಿಸಿದಳು.

"ಅಂಕಲ್, ಇದನ್ನ ಒಡೆದು ನೋಡ್ಬೇಕು ಅಂತ ಒಂದ್ಸಲಾನೂ ಅನ್ಸಿಲ್ವಾ ನಿಮ್ಗೆ? ನನಗಂತೂ ಡೈಲಿ ಅನ್ಸುತ್ತೆ. ಮೀಟಿಂಗ್ ಮಧ್ಯೆ ಕೂಡ ಮುಟ್ಟಿ ನೋಡ್ಕೋತೀನಿ."

"ಇಲ್ಲವ್ವಾ. ಇನ್‌ಸ್ಪೆಕ್ಟರಿಗೆ ಮುದ್ರಿ ಅಂದ್ರ ದೇವ್ರಿದ್ದಂಗ" ಎಂದೆ.

"ಗ್ರೇಟ್ ಅಂಕಲ್ ನೀವು. ಸಿದ್ದಾರೂಢ ಸಾರ್ ನಿಮ್ಮ ಬಗ್ಗೆ ಎಷ್ಟ್ ಬರೀತಾರೆ ಗೊತ್ತಾ!"

ನನ್ನ ಬಗ್ಗೆ ಏನು ಬರೆಯುತ್ತೀ ಅವಳಿಗೆ? ನನಗೆ ಬರೆಯದೇ ಇರುವಂಥದ್ದು ಏನಿದೆ? ಅವಳ ಲಕೋಟೆ ನನ್ನದಕ್ಕಿಂತ ದಪ್ಪವಿತ್ತು. ನನ್ನ ಕಣ್ಣು ಅಳತೆಯಲ್ಲಿ ತಪ್ಪುವುದಿಲ್ಲ, ಅದು ನಿನಗೂ ಗೊತ್ತು. ನಿಜವಾದ ಉತ್ತರವನ್ನು ಅವಳಿಗೆ ಕೊಟ್ಟು, ಶಾಲು ಹೊದಿಸಿಕೊಂಡ ನನ್ನನ್ನು ವೇದಿಕೆಯ ಮೇಲೆ ನಗೆಪಾಟಲು ಮಾಡುವ ವಿಚಾರವೇನಾದರೂ ಇದ್ದರೆ ಈಗಲೇ ಹೇಳಿಬಿಡು.

ಪ್ರಲ್ಹಾದ


ಚಿಂಚವಾಡ
26 ಆಗಸ್ಟ್ 2024

ಸಿದ್ದಾರೂಢ,

ನಿನ್ನಿಂದ ಉತ್ತರವಿಲ್ಲ. ಅವಳಿಗೆ ಬರೆಯುವುದರಲ್ಲಿ ಪುರುಸೊತ್ತಿಲ್ಲವೇನೋ.

ಇಲ್ಲಿ ಒಂದು ಘಟನೆ ನಡೆಯಿತು. ಬೇರೆಯವರ ಬಾಯಿಂದ ಕೇಳುವ ಬದಲು ನನ್ನಿಂದಲೇ ತಿಳಿ. ಶಿವಪುತ್ರಪ್ಪ ಅಂಗಡಿಗೆ ಕರೆದು, "ಪ್ರಲ್ಹಾದರಾವ್, ಈ ಸಲ ಆ ಹುಡುಗೀನೂ ವೇದಿಕಿ ಮ್ಯಾಲ ಕರಿಯೋಣೇನ್ರಿ? ಹಳಬ್ರು ಹೊಸಬ್ರು ಕೂಡಿದ್ರ ಛಲೋ ಕಾಣ್ತದ. ಮುಂದಿನ ವರ್ಷದಿಂದ ಪುಟ ಆಕಿಗೇ ಬಿಟ್ರಾತು, ನಿಮಗೂ ವಿಶ್ರಾಂತಿ" ಎಂದ.

ವಿಶ್ರಾಂತಿಯಂತೆ! ಆಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಕೆ ನಿಯಮ ಮುರಿದಿದ್ದಾಳೆ, ಹೊರಗಿನ ವರದಿ ಓದಿದ್ದಾಳೆ ಎಂದೆ. ಮತ್ತೆ, ಲಕೋಟೆಯನ್ನೂ ತೆರೆದು ನೋಡಿದ್ದಾಳೆ ಎಂದೆ. ದಿನವೂ ಒಡೆಯಬೇಕೆನಿಸುತ್ತದೆ ಎಂದು ಅವಳೇ ಬಾಯಿಬಿಟ್ಟು ಹೇಳಿದ್ದಾಳಲ್ಲ. ಅನಿಸಿದವರು ಮಾಡದೆ ಇರುತ್ತಾರೆಯೇ? "ಮುದ್ರಿ ಎಬ್ಬಿಸಿ ಮತ್ತ ಕೂಡಿಸೋದು ಗೊತ್ತಿದ್ದವ್ರಿಗೆ ಎರಡು ನಿಮಿಷದ ಕೆಲಸರೀ" ಎಂದೂ ಹೇಳಿದೆ.

ಅವನು ಅವಳನ್ನು ಕೇಳಿದನಂತೆ. ಕಣ್ಣೀರು ಹಾಕಿದಳಂತೆ. ಮೂರು ಭಾನುವಾರಗಳಿಂದ ವಾಚನಾಲಯಕ್ಕೆ ಬಂದಿಲ್ಲ. ಪುಟ ನನ್ನ ಹೆಸರಿನಲ್ಲೇ ಉಳಿದಿದೆ.

ನನಗೆ ಇದರಲ್ಲಿ ಸಂತೋಷವೇನಿಲ್ಲ. ಮಾಧುರಿ ಎರಡು ದಿನದಿಂದ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ, ಯಾಕೋ ತಿಳಿಯದು.

ಪ್ರಲ್ಹಾದ


ಇಂಡಿ
20 ಸೆಪ್ಟೆಂಬರ್ 2024

ಪ್ರಲ್ಹಾದ,

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಅದಕ್ಕೇ ತಡ.

ಹುಡುಗಿ ತನ್ನ ಲಕೋಟೆಯನ್ನು ನನಗೆ ಮರಳಿ ಕಳಿಸಿದ್ದಾಳೆ. ಜೊತೆಗೆ ಒಂದೇ ಸಾಲು: 'ನೀವೇ ನೋಡಿ ಸಾರ್, ಒಡೆದಿಲ್ಲ.' ನೋಡಿದೆ. ಗುಂಡಿಯ ಅಂಚಿನ ಗೆರೆ ಕೂಡ ಹಾಗೇ ಇದೆ.

ಈಗ ನಾನು ಹನ್ನೆರಡು ವರ್ಷ ಹೇಳದೇ ಇದ್ದದ್ದನ್ನು ಹೇಳುತ್ತೇನೆ.

2012ರ ಗಂಟು ನೆನಪಿದೆಯಾ? ಮೇರಿ ಸೆಲೆಸ್ಟ್ ಎಂಬ ಹಡಗು. ಅಟ್ಲಾಂಟಿಕ್ ಸಾಗರದಲ್ಲಿ ಹಾಯಿ ಬಿಚ್ಚಿಕೊಂಡು ತೇಲುತ್ತಿತ್ತು, ಒಳಗಿದ್ದ ಹತ್ತು ಜನರಲ್ಲಿ ಒಬ್ಬರೂ ಇರಲಿಲ್ಲ. ಗಂಟಿನಲ್ಲಿ ನಾನು ಮದ್ಯಸಾರದ ಪೀಪಾಯಿಗಳಿದ್ದವು ಎಂದಷ್ಟೇ ಬರೆದಿದ್ದೆ. ಕೆಲವು ಪೀಪಾಯಿ ಸೋರಿ ಖಾಲಿಯಾಗಿದ್ದವು, ಅದರ ಆವಿಗೆ ಬೆಂಕಿ ಹತ್ತೀತೆಂದು ಹೆದರಿ ಎಲ್ಲರೂ ಸಣ್ಣ ದೋಣಿಗೆ ಇಳಿದಿರಬೇಕು ಎಂಬುದು ಲಕೋಟೆಯೊಳಗಿನ ಉತ್ತರ. ನಿಜವಾಗಿ ಖಾಲಿಯಿದ್ದವು ಒಂಬತ್ತು. ನಾನು ಲಕೋಟೆಯಲ್ಲಿ ಕೈತಪ್ಪಿ 29 ಎಂದು ಬರೆದಿದ್ದೆ. ಅಂಚೆಗೆ ಹಾಕಿದ ಮೇಲೆ ನೆನಪಾಯಿತು. ಹೋಗಲಿ ಬಿಡು ಎಂದು ಸುಮ್ಮನಾದೆ. ಸಂಚಿಕೆ ಬಂತು. ನಿನ್ನ ಬರಹದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು: ಇಪ್ಪತ್ತೊಂಬತ್ತು ಪೀಪಾಯಿಗಳು ಖಾಲಿ.

ನಾನು ಮೂವತ್ನಾಲ್ಕು ವರ್ಷ ಪರೀಕ್ಷೆಯ ಪತ್ರಿಕೆ ತಿದ್ದಿದವನು. ಇಬ್ಬರು ಹುಡುಗರ ಉತ್ತರ ಒಂದೇ ತರಹ ಸರಿಯಿದ್ದರೆ ಇಬ್ಬರೂ ಓದಿದ್ದಾರೆ ಎನ್ನುತ್ತೇವೆ. ಒಂದೇ ತರಹ ತಪ್ಪಿದ್ದರೆ ಯಾರ ಹಿಂದೆ ಯಾರು ಕೂತಿದ್ದರು ಎಂದು ನೋಡುತ್ತೇವೆ.

ಆ ದಿನ ಸಿಟ್ಟು ಬಂತು, ಸುಳ್ಳೇಕೆ. ಆಮೇಲೆ ಯೋಚಿಸಿದೆ. ಹೇಳಿಬಿಟ್ಟರೆ ನೀನು ನಾಚಿಕೆಯಿಂದ ಕಾಗದ ಬರೆಯುವುದನ್ನೇ ನಿಲ್ಲಿಸುತ್ತೀ. ನನ್ನ ಕಿವಿ ಆಗಲೇ ಮಂದವಾಗುತ್ತಿತ್ತು. ನಿನ್ನ ಕಾಗದವೂ ನಿಂತರೆ ನನಗೆ ಉಳಿಯುವುದೇನು? ಅದಕ್ಕೆ ಆ ವರ್ಷದಿಂದ ಲಕೋಟೆಯಲ್ಲಿ ನನ್ನ ಉತ್ತರ ಬರೆಯುವುದನ್ನೇ ಬಿಟ್ಟೆ. ಪ್ರಲ್ಹಾದನಾದರೆ ಹೇಗೆ ಬಿಚ್ಚುತ್ತಾನೆ ಎಂದು ಊಹಿಸಿ, ಅದನ್ನು ಬರೆದು ಇಟ್ಟೆ. ಜನರು ಚಪ್ಪಾಳೆ ತಟ್ಟಿದರು, ನೀನು ಹಿಗ್ಗಿ ನಾಲ್ಕು ಪುಟ ಬರೆದೆ, ನಾನು ಓದಿದೆ. ಹೀಗೆ ನಡೆಯಿತು.

ಈ ವರ್ಷ ಖಾಲಿ ಹಾಳೆ ಇಟ್ಟೆ. ನಿನ್ನನ್ನು ನಗೆಪಾಟಲು ಮಾಡಲು ಅಲ್ಲ. ನನ್ನ ಮಾತನ್ನೇ ನಿನ್ನ ಅಕ್ಷರದಲ್ಲಿ ಓದಿ ಓದಿ ಸಾಕಾಗಿತ್ತು. ಒಂದು ಸಲವಾದರೂ ನಿನ್ನದನ್ನು ಓದಬೇಕೆನಿಸಿತು. ಕೋಟಿಲ್ಲದೆ ಓಡಿದವನ ಗಂಟನ್ನು ಆರಿಸಿದ್ದೂ ಅದಕ್ಕೇ. ಅವನು ಯಾಕೆ ಓಡಿದ ಎಂದು ಹೇಳಬಲ್ಲವನು ನನಗೆ ಗೊತ್ತಿದ್ದವರಲ್ಲಿ ನೀನೊಬ್ಬನೇ. ನೀನು 'ಕೋಟು ಮುಖ್ಯವಲ್ಲ' ಎಂದು ಬರೆದೆ.

ನನಗೆ ಮಾಡಿದ್ದನ್ನು ನಾನು ನುಂಗಿದೆ. ಆ ಹುಡುಗಿಗೆ ಮಾಡಿದ್ದನ್ನು ನುಂಗುವುದಿಲ್ಲ. ಕುಂಬಳಕಾಯಿ ಕಳ್ಳ ತನ್ನ ಹೆಗಲು ಮುಟ್ಟಿಕೊಂಡರೆ ನಗಬಹುದು; ಮಗ್ಗುಲಲ್ಲಿದ್ದವಳ ಹೆಗಲಿಗೆ ಬೂದಿ ಹಚ್ಚಿದ್ದೀಯ.

ಅವಳ ಲಕೋಟೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ನನ್ನದೇ ಉತ್ತರವಿದೆ, ಯಾರಿಗೂ ತೋರಿಸದೇ ಇದ್ದದ್ದು. ನಿನ್ನ ಕೈಯಾರೆ ಅವಳಿಗೆ ಮುಟ್ಟಿಸು. ಬೇರೇನನ್ನೂ ಕೇಳುವುದಿಲ್ಲ.

ಸಿದ್ದಾರೂಢ


ಚಿಂಚವಾಡ
12 ನವೆಂಬರ್ 2024

ಸಿದ್ಯಾ,

ನೀನು ಬರೆದು ಐವತ್ತಮೂರು ದಿನವಾಯಿತು, ನಾನು ಉತ್ತರ ಬರೆಯಲಿಲ್ಲ. ಇಷ್ಟು ದೀರ್ಘ ಕಾಲ ಬರೆಯದೆ ಇದ್ದದ್ದು ಇದೇ ಮೊದಲು.

ಹೌದು. 2007ರಿಂದ ಹದಿನೇಳೂ ವರ್ಷ. ಹ್ಯಾಕ್ಸಾ ಬ್ಲೇಡನ್ನು ಗ್ಯಾಸಿನ ಮೇಲೆ ಕಾಯಿಸಿ ಅರಗಿನ ಅಡಿಗೆ ತೂರಿಸಿದರೆ ಬಿಲ್ಲೆಯ ಹಾಗೆ ಎದ್ದು ಬರುತ್ತದೆ. ಒಮ್ಮೆ ಮಾಧುರಿ ಬಾಗಿಲಲ್ಲಿ ನಿಂತು, "ಚಹಾ ಇಡಲಿಲ್ಲ ಅಂದ್ರ ಗ್ಯಾಸ್ ಯಾಕ ಹಚ್ಚೀರಿ?" ಎಂದಿದ್ದಳು. ನಾನು ಪಾತ್ರೆಗೆ ನೀರು ಹಾಕಿ ಒಲೆಯ ಮೇಲಿಟ್ಟೆ. ಮುದ್ರೆ ಕಾಯಬೇಕಾದ ಇನ್‌ಸ್ಪೆಕ್ಟರನೇ ಮುದ್ರೆ ಎಬ್ಬಿಸಿದ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಅವಳ ಲಕೋಟೆ ನನ್ನ ಕಪಾಟಿನಲ್ಲಿ ಇಪ್ಪತ್ತಮೂರು ದಿನ ಇತ್ತು. ಬ್ಲೇಡು ಅದರ ಪಕ್ಕದಲ್ಲೇ ಇತ್ತು. ಎರಡು ಸಲ ಗ್ಯಾಸು ಹಚ್ಚಿದೆ. ನಿನಗೇನು ಅನಿಸುತ್ತದೋ ಗೊತ್ತಿಲ್ಲ, ಆದರೆ ನನಗೆ ಅದರೊಳಗಿನ ಉತ್ತರಕ್ಕಿಂತ, ಇಷ್ಟು ವರ್ಷ ನನಗೆ ಹೇಳದ ಮಾತನ್ನು ಆರು ಪುಟದ ಪರಿಚಯಕ್ಕೆ ಹೇಗೆ ಹೇಳಿದೆ ಎಂಬುದೇ ಸುಡುತ್ತಿತ್ತು. ಎರಡನೆಯ ಸಲ ಮಾಧುರಿ ಬಂದು ಗ್ಯಾಸ್ ಆರಿಸಿದಳು. "ಅದು ನಿಮ್ಮ ಹೆಸರಿಗೆ ಬಂದಿಲ್ಲರೀ" ಎಂದಳು. ಅಷ್ಟೇ.

ಮರುದಿನ ಬಸ್ಸು ಹಿಡಿದು ಹಿಂಜವಡಿಗೆ ಹೋದೆ. ಸ್ಪಂದನಾ ಇರುವ ಹಾಸ್ಟೆಲಿನ ಕೆಳಗೆ ನಿಂತು ಹೇಳಿ ಕಳಿಸಿದೆ. ಬಂದಳು. ನಾನು ಮಾಡಿದ್ದನ್ನೆಲ್ಲ ನಿಂತಲ್ಲೇ ಹೇಳಿದೆ. ಅವಳಿಗೆ ಸಿಟ್ಟು ಬಂತು; ಬರಬೇಕಾದದ್ದೇ. "ನಾನು ಒಂದ್ ವಾರ ಊಟ ಮಾಡಿಲ್ಲ ಅಂಕಲ್. ಕಳ್ಳಿ ಅಂತ ನನ್ನ ಯಾರೂ ಕರೆದಿರ್ಲಿಲ್ಲ" ಎಂದಳು. ಲಕೋಟೆ ಕೊಟ್ಟೆ. ತಿರುಗಿಸಿ ಮುದ್ರೆ ನೋಡಿದಳು, ನನ್ನ ಮುಖ ನೋಡಿದಳು, ಚೀಲದಲ್ಲಿ ಹಾಕಿಕೊಂಡಳು.

"ಒಡಿಯಂಗಿಲ್ಲೇನವಾ?"

"ಈಗ ಬೇಡ. ನನ್ನ ಆನ್ಸರ್ ಬಂದ್ಮೇಲೆ ಒಡೀತೀನಿ."

"ಯಾವಾಗ ಬರ್ತದ?"

"ಗೊತ್ತಿಲ್ಲ ಅಂಕಲ್."

ದೀಪಾವಳಿ ಅಡ್ಡ ಬಂದದ್ದರಿಂದ ರಾಜ್ಯೋತ್ಸವವನ್ನು ಮೊನ್ನೆ ಭಾನುವಾರ ಮಾಡಿದರು. ವೇದಿಕೆಯಲ್ಲಿ ಮುದ್ರೆ ಒಡೆದು ಖಾಲಿ ಹಾಳೆಯನ್ನು ಎಲ್ಲರಿಗೂ ತೋರಿಸಿದೆ. ಹದಿನೇಳು ವರ್ಷದ ಕಥೆ ಹೇಳಿದೆ, ಇಪ್ಪತ್ತೊಂಬತ್ತು ಪೀಪಾಯಿಗಳ ಸಮೇತ. ಆ ಹುಡುಗಿಯ ಮೇಲೆ ನಾನು ಹೇಳಿದ್ದು ಶುದ್ಧ ಸುಳ್ಳು ಎಂದೂ ಹೇಳಿದೆ. ಮೂರನೆಯ ಸಾಲಿನಿಂದ ಒಬ್ಬರು ಎದ್ದು, "ಹಂಗಾದ್ರ ಮೇರಿ ಹಡಗದ ಹಿಂದಿನ ವರ್ಷದ್ದೂ ಕಾಪೀನೇನ್ರಿ?" ಎಂದು ಕೇಳಿದರು. "ಹೌದ್ರಿ, ಅದೂ" ಎಂದೆ. ಶಿವಪುತ್ರಪ್ಪ ಶಾಲನ್ನು ಮತ್ತೆ ಮಡಚಿ ಡಬ್ಬಿಗೆ ಹಾಕಿದ. ಈ ಸಲ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

ಸ್ಪಂದನಾ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಮುಂದಿನ ವರ್ಷದಿಂದ ಪುಟ ಅವಳದು. ನಾನೇ ಹೇಳಿ ಬಂದೆ.

ಇನ್ನು ಕೋಟು. ನೀನು ನನ್ನದೇ ಉತ್ತರ ಬೇಕೆಂದಿದ್ದೆ. ಇದು ಯಾರ ಲಕೋಟೆಯಿಂದಲೂ ಕದ್ದದ್ದಲ್ಲ.

ಆ ಮೂರನೆಯವನು ಧೈರ್ಯಕ್ಕೆ ಓಡಲಿಲ್ಲ, ಸಿದ್ಯಾ. ಅವನು ಕಿಟಕಿಯಿಂದ ನೋಡಿದ. ಕೆಳಗೆ ಇಬ್ಬರೂ ಗಾಳಿಯಲ್ಲಿ ಒಂದೇ ಹಗ್ಗ ಹಿಡಿದಿದ್ದರು. ಒಳಗೆ ಇವನೊಬ್ಬನೇ, ಬೆಚ್ಚಗೆ, ನಿಯಮದ ಪ್ರಕಾರ. ಅವರಿಗೆ ಏನಾದರೂ ಆದರೆ ಇಬ್ಬರಿಗೇ ಆಗುತ್ತದೆ, ತಾನು ಹೊರಗಿನವನಾಗಿ ಉಳಿಯುತ್ತೇನೆ ಎನಿಸಿರಬೇಕು. ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಅಷ್ಟು ಹೊತ್ತಿನಲ್ಲಿ ಯಾರಿಗೆ ಕೋಟು ನೆನಪಿರುತ್ತದೆ? ಬಾವಿಯ ದಂಡೆಯ ಮೇಲೆ ಊರೆಲ್ಲ ನಿನ್ನ ಹೆಸರನ್ನೇ ಕೂಗುತ್ತಿತ್ತು. ನಾನು ಚಪ್ಪಲಿ ಬಿಡಲಿಲ್ಲ. ನಿನ್ನನ್ನು ಉಳಿಸಲು ಹಾರಿದೆನೋ, ನೀನೊಬ್ಬನೇ ಒಳಗಿರುವುದನ್ನು ನೋಡಲಾಗದೆ ಹಾರಿದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ.

ನೋಡು, ಬರೆದೇ ಬಿಟ್ಟೆ ಆ ಮಾತನ್ನು.

ಬ್ಲೇಡನ್ನು ಗುಜರಿಯವನಿಗೆ ಹಾಕಿದೆ. ಆ ಲಕೋಟೆ ಈಗ ಹಿಂಜವಡಿಯಲ್ಲಿ, ಅವಳ ಲ್ಯಾಪ್‌ಟಾಪಿನ ಚೀಲದಲ್ಲಿ ಓಡಾಡುತ್ತಿದೆ. ಅದರಲ್ಲಿ ಏನು ಬರೆದಿದ್ದೀಯೋ ನಾನು ಸಾಯುವ ತನಕ ತಿಳಿಯದೆ ಇರಬಹುದು. ಹೊಟ್ಟೆ ಉರಿಯುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೆ ನಾನು ಕೊಡುವಾಗ ನಿನ್ನ ಅಪ್ಪನ ಗುಂಡಿಯ ಗೆರೆ ಒಂದೂ ಅಳಿಸಿರಲಿಲ್ಲ. ಬೇಕಾದರೆ ಅವಳನ್ನೇ ಕೇಳು.

ಪ್ರಲ್ಹಾದ